ಬೆಕ್ಕು ಸಾಕಿರುವ ಮನೆಗೆ ನೆಲ ಹಾಕುವ ವಿಷಯವಾಗಿ

ನೆಲದ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ತಮ್ಮೆಲ್ಲರಿಗೆ, ದೊಡ್ಡಬಳ್ಳಾಪುರದ ನಿವೃತ್ತ ನೆಲದ ಮೇಸ್ತ್ರಿಯಾದ ಹನುಮಂತಯ್ಯನು ವಿನಯಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ:

ನಾನು ಈವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಸರ್ಕಾರಿ ಕಟ್ಟಡಗಳ ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ ನನ್ನ ಮೇಲಿದ್ದ ಓವರ್‌ಸಿಯರ್ ಒಬ್ಬರು ಬಾಯಿಮಾತಿನಲ್ಲಿ ಹೇಳಿದ ಯಾವುದನ್ನೂ ಒಪ್ಪುತ್ತಿರಲಿಲ್ಲ. "ಸಿಮೆಂಟ್ ಮೂಟೆ ಗಟ್ಟಿಯಾಗೋಗಿದೆ ಸಾರ್" ಎಂದರೆ "ಬರ್ಕೊಡಯ್ಯ" ಎನ್ನುತ್ತಿದ್ದರು. "ಮಳೆ ಬರ್ತಾ ಐತೆ ಸಾರ್" ಎಂದರೆ ಕಿಟಕಿಯಾಚೆ ನೋಡದೆಯೇ "ಅದನ್ನೂ ಬರ್ಕೊಡು" ಎನ್ನುತ್ತಿದ್ದರು. ಹೀಗಾಗಿ ನನ್ನ ಕೈಗೆ ಈ ಒಂದು ರೀತಿಯ ಬರವಣಿಗೆ ಮಾತ್ರ ಹತ್ತಿದೆ. ಕಟ್ಟಡ ಕೆಲಸ ಕಲಿಸುವ ಶಾಲೆಯ ಉಪಾಧ್ಯಾಯರೊಬ್ಬರು ಮನೆಗೆ ಬಂದು, ನಮ್ಮ ಕಾಲದಲ್ಲಿ ಕೆಲಸ ನಿಜವಾಗಿ ಹೇಗಿತ್ತೆಂಬುದನ್ನು ಬರೆದುಕೊಡಬೇಕೆಂದು ಕೋರಿದಾಗ, ನಾನು ಅಂಜಿಕೆಯಿಂದಲೇ ಒಪ್ಪಿಕೊಂಡೆ. ಅನಂತರ ಹಲವು ಹಾಳೆಗಳನ್ನು ಹರಿದು ಹಾಕಿದ್ದೇನೆ. ಈ ಹಾಳೆಗಳಲ್ಲಿಯೂ ತಪ್ಪುಗಳಿದ್ದರೆ ತಾವು ಮನ್ನಿಸಬೇಕಾಗಿ ವಿನಂತಿ.

ಇಷ್ಟು ವರ್ಷಗಳ ಕೆಲಸದಲ್ಲಿ ಬೆಕ್ಕಿನ ವಿಷಯವನ್ನೇ ಏಕೆ ಆಯ್ದುಕೊಂಡೆ ಎಂದು ತಾವು ಕೇಳಬಹುದು. ಮನೆಯ ಯಜಮಾನರು ನೆಲ ಹಾಕಿಸುವಾಗ ಎಲ್ಲವನ್ನೂ ಹೇಳುತ್ತಾರೆ. ದೇವರ ಮನೆ ಎಲ್ಲಿ, ಒರಳು ಎಲ್ಲಿ, ಮಂಚ ಎಲ್ಲಿ ಎಂದು ಬೆರಳು ಮಾಡಿ ತೋರಿಸುತ್ತಾರೆ. ಮನೆಯಲ್ಲಿ ಬೆಕ್ಕಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನೆಲ ಹಾಕಿ ಮುಗಿದು, ನಾವು ಕರಣೆ ತೊಳೆದುಕೊಂಡು ಹೊರಟ ಮೇಲೆ, ಆ ಬೆಕ್ಕು ತನ್ನ ಅಭಿಪ್ರಾಯವನ್ನು ತಿಳಿಸುತ್ತದೆ. ಅದಕ್ಕಾಗಿ ನನ್ನನ್ನು ಮರಳಿ ಕರೆಸಿದ ಮನೆಗಳು ಒಂದೆರಡಲ್ಲ. ಆ ಪೈಕಿ ಒಂದು ಮನೆಯನ್ನು ನೆನೆದರೆ ಇಂದಿಗೂ ಅಂಗೈ ಬೆವರುತ್ತದೆ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅದಕ್ಕೆ ಮುಂಚಿನ ಎರಡು ಸಂಗತಿಗಳನ್ನು ಹೇಳದೆ ಹೋದರೆ ತಮಗೆ ವಿಷಯ ಸ್ಪಷ್ಟವಾಗಲಾರದು.

ನನಗೆ ಕೆಲಸ ಕಲಿಸಿದವರು ಮುನಿಶಾಮಪ್ಪ ಮೇಸ್ತ್ರಿಗಳು. ನಮ್ಮದು ಹೊಲದ ಕೆಲಸದ ಮನೆ. ಅರವತ್ತರ ದಶಕದ ನಡುವಿನಲ್ಲಿ ನಾನು ಅವರ ಕೈಕೆಳಗೆ ಸೇರಿದಾಗ ಗಾರೆಯ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಎತ್ತು ಕಟ್ಟಿದ ಗಾಣದಲ್ಲಿ ಸುಣ್ಣ ಮತ್ತು ಮರಳನ್ನು ಅರೆದು, ಬೆಲ್ಲದ ನೀರು ಬೆರೆಸಿ, ಕೈನೋವು ಬರುವವರೆಗೆ ಕುಟ್ಟಬೇಕಾಗಿತ್ತು. ನನ್ನ ಕಣ್ಣೆದುರಿಗೇ ಸಿಮೆಂಟ್ ಬಂದು ಗಾಣಗಳು ನಿಂತವು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಕರಣೆಯಿಂದ ತಿಕ್ಕಿ ತಿಕ್ಕಿ ನಯ ಮಾಡುವ ಕೆಂಪು ನೆಲವು ತಾಲ್ಲೂಕಿನ ಊರುಗಳಿಗೆಲ್ಲ ಬೇಕಾಯಿತು. ಸ್ಥಿತಿವಂತರು ಕಡಪ ಕಲ್ಲು ಹಾಸಿಸಿದರು. ಮುನಿಶಾಮಪ್ಪನವರು ಎಲ್ಲವನ್ನೂ ಕಲಿತರು, ಆದರೆ ಯಾವುದನ್ನೂ ಹೊಗಳಲಿಲ್ಲ. "ಲೇ ಹನುಮ, ನೆಲ ಹಾಕಿದ್ ದಿನ ಎಲ್ಲಾರೂ ಚೆನ್ನಾಗೈತೆ ಅಂತಾರೆ ಕಣೋ. ಮುಂದಿನ್ ಮಳೆಗಾಲ ಕಳೀಲಿ ಇರು" ಎನ್ನುತ್ತಿದ್ದರು. ಈ ಕಾರಣದಿಂದ ನನಗೆ ಎಳವೆಯಲ್ಲೇ ಒಂದು ರೋಗ ಅಂಟಿಕೊಂಡಿತು. ಯಾವ ಕೆಲಸ ಮುಗಿಸಿದರೂ ಅದು ಮುಗಿದಿದೆಯೆಂಬ ನಂಬಿಕೆಯೇ ಬರುತ್ತಿರಲಿಲ್ಲ.

ಮೊದಲನೆಯ ಸಂಗತಿ ನೆಲಮಂಗಲದ್ದು. ತುಮಕೂರು ರಸ್ತೆಗೆ ಮುಖ ಮಾಡಿದ ಒಂದು ಅಕ್ಕಿ ಮಂಡಿಯ ಮಾಲೀಕರ ಮನೆ. ಮಂಡಿಗೆ ಇಲಿಗಳು, ಇಲಿಗಳಿಗಾಗಿ ಬೆಕ್ಕುಗಳು. ನಾವು ಒಳ್ಳೆಯ ಕಡಪ ಕಲ್ಲುಗಳನ್ನು ಹಾಸಿ, ಸಂದುಗಳಿಗೆ ಸುಣ್ಣ ಮರಳು ತುಂಬಿ ಬಂದಿದ್ದೆವು. ಬೇಸಿಗೆ ಬರುತ್ತಿದ್ದಂತೆ ಕರೆ ಬಂತು.

"ಏನ್ ಮೇಸ್ತ್ರಿ, ನಿನ್ನ ಕಲ್ಲು ನಾರ್ತಾವೆ."

"ಕಲ್ಲು ನಾರಕಿಲ್ಲ ಸಾಮಿ."

"ಹಂಗಾದ್ರೆ ನಾನು ನಾರ್ತಿದ್ದೀನಾ?"

ಮುನಿಶಾಮಪ್ಪನವರು ಒಂದು ಚೊಂಬು ನೀರು ತರಿಸಿ ನೆಲದ ಮೇಲೆ ಸುರಿದು, ಕುಕ್ಕರಗಾಲಿನಲ್ಲಿ ಕುಳಿತು ನೋಡತೊಡಗಿದರು. ನೀರು ಕಲ್ಲಿನ ಮೇಲೆ ಹರಿದು ಒಂದು ಸಂದಿನ ಬಳಿ ಬಂದು ಕಾಣೆಯಾಯಿತು. ಬೆಕ್ಕಿನ ಉಚ್ಚೆಯೂ ಅದೇ ದಾರಿಯಲ್ಲಿ ಹೋಗಿ ಕಲ್ಲಿನ ಕೆಳಗೆ ನೆಲೆಸಿತ್ತು. ಮೇಲೆ ಎಷ್ಟು ತೊಳೆದರೂ ಕೆಳಗಿನದು ಹೋಗದು, ಆ ವಾಸನೆಗೆ ಬೆಕ್ಕು ಮತ್ತೆ ಅಲ್ಲಿಗೇ ಬರುವುದು ತಪ್ಪದು. ನಾವು ಪ್ರತಿಯೊಂದು ಸಂದನ್ನೂ ಉಳಿಯಿಂದ ಕೆರೆದು, ಬಿಸಿನೀರು ಹೊಯ್ದು ಒಣಗಿಸಿ, ಗಟ್ಟಿ ಸಿಮೆಂಟ್ ತುಂಬಿ ಬರಬೇಕಾಯಿತು. ಕಲ್ಲು ಆರಿಸುವಾಗ ಸಂದನ್ನು ಮರೆಯಬಾರದೆಂಬುದು ಅಂದಿನಿಂದ ನನಗೆ ಗೊತ್ತಾಯಿತು.

ಎರಡನೆಯದು ಹೊಸಕೋಟೆಯದು. ಶಾಲಾ ಮಾಸ್ತರರೊಬ್ಬರು ಕೆಂಪು ನೆಲ ಹಾಕಿಸಿದರು. ಮುಖ ಕಾಣುವ ಹಾಗೆ ಹೊಳೆಯಬೇಕೆಂದು ಅವರ ಆಸೆ. ನಾವು ಮೇಣ ಹಚ್ಚಿ ಬಟ್ಟೆಯಿಂದ ತಿಕ್ಕಿ ಹಾಗೆಯೇ ಮಾಡಿಕೊಟ್ಟೆವು. ಕೊನೆಯ ದಿನ ಅವರ ಮನೆಯ ಬೆಕ್ಕು ಒಂದು ಇಲಿಯನ್ನು ಅಟ್ಟಿಸಿಕೊಂಡು ನಡುಮನೆಗೆ ನುಗ್ಗಿತು. ಇಲಿ ತಿರುಗಿತು, ಬೆಕ್ಕಿಗೆ ತಿರುಗಲಾಗಲಿಲ್ಲ. ನಾಲ್ಕೂ ಕಾಲುಗಳನ್ನು ಚಾಚಿಕೊಂಡು ಜಾರುತ್ತಾ ಹೋಗಿ ಎದುರಿನ ಗೋಡೆಗೆ ಬಡಿಯಿತು. ಮನೆಮಂದಿಯೆಲ್ಲ ನಕ್ಕರು. ಮುನಿಶಾಮಪ್ಪನವರು ನಗಲಿಲ್ಲ.

"ಮಾಸ್ತರೇ, ಬೆಕ್ಕಿಗೇ ಕಾಲು ನಿಲ್ದಿದ್ರೆ ನಿಮ್ ಬಸುರಿ ಮಗಳು ಹೆಂಗೆ ನಡೀತಾಳೆ?" ಎಂದು ಕೇಳಿ, ಒರಟು ಕಲ್ಲು ತೆಗೆದುಕೊಂಡು ಆ ಹೊಳಪನ್ನೆಲ್ಲ ತಿಕ್ಕಲು ಕುಳಿತರು.

"ಅಯ್ಯೋ ಅಯ್ಯೋ, ಕನ್ನಡಿ ಇದ್ದಂಗಿತ್ತಲ್ಲಯ್ಯ!"

"ಕನ್ನಡೀನ ಗೋಡೆಗೆ ನೇತಾಕ್ಕೊಳಿ ಸಾಮಿ."

ಇದಿಷ್ಟು ಪೀಠಿಕೆ. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ಬೀದಿಯೊಂದರಲ್ಲಿ ರಂಗಪ್ಪ ಮತ್ತು ಗೌರಮ್ಮ ಎಂಬ ದಂಪತಿಗಳಿದ್ದರು. ಎಪ್ಪತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ವಿದ್ಯುತ್ ಮಗ್ಗಗಳು ಊರಿಗೆ ಬರತೊಡಗಿದ್ದರೂ ಇವರದು ಗುಂಡಿ ಮಗ್ಗವೇ. ನೋಡದವರಿಗಾಗಿ ವಿವರಿಸುವುದಾದರೆ, ನಡುಮನೆಯ ನೆಲದಲ್ಲಿ ಒಂದು ಗುಂಡಿ ಇರುತ್ತದೆ. ನೇಯುವವರು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗೆ ಇಳಿಬಿಟ್ಟು ತುಳಿಗೆಗಳನ್ನು ತುಳಿಯುತ್ತಾರೆ. ಗುಂಡಿಯ ಮೇಲ್ಭಾಗದಲ್ಲಿ ಹಾಸಿನ ಎಳೆಗಳು ಉದ್ದಕ್ಕೆ ಬಿಗಿದು ನಿಂತಿರುತ್ತವೆ. ಆ ಎಳೆಗಳಿಗೆ ಅಕ್ಕಿಗಂಜಿ ಹಾಕಿರುತ್ತಾರೆ. ಗಂಜಿಯ ರುಚಿಗೆ ಇಲಿಗಳು ಬಂದು ಹಾಸನ್ನೇ ಕಡಿದುಹಾಕುತ್ತವೆ. ಒಮ್ಮೆ ಇವರ ಮನೆಯಲ್ಲಿ ಹಾಗೆಯೇ ಆಗಿ, ಹಾಸು ಪೂರ್ತಿ ಹಾಳಾಗಿತ್ತಂತೆ. ಅಂದಿನಿಂದ ಗೌರಮ್ಮನವರು ಕೆಂಚಿ ಎಂಬ ಕಂದು ಬೆಕ್ಕನ್ನು ತಂದು ಸಾಕಿದ್ದರು. ಕೆಂಚಿಯ ಎರಡು ಮರಿಗಳೂ ಬೆಳೆದು ಅಲ್ಲಿಯೇ ಉಳಿದಿದ್ದವು. ಬೆಕ್ಕು ಬಂದ ಮೇಲೆ ಇಲಿಗಳ ಕಾಟ ನಿಂತಿತು. ಆದರೆ ಸಗಣಿ ಸಾರಿಸಿದ ಮಣ್ಣಿನ ನೆಲ ಬೆಕ್ಕಿನ ಉಚ್ಚೆಯನ್ನು ಕುಡಿದು, ಮನೆಯೆಲ್ಲ ಆ ವಾಸನೆ ಹಿಡಿಯಿತು. ವಾಸನೆ ಸೀರೆಗೆ ಏರಿತು.

ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರರು ಒಂದು ಸೀರೆಯನ್ನು ಮೂಗಿನ ಹತ್ತಿರ ಹಿಡಿದು ಹಿಂದಕ್ಕೆ ಎಸೆದರಂತೆ. "ಗೌರಮ್ಮ, ಇದನ್ನ ಯಾವ ಮದುವೆ ಹೆಣ್ಣಿಗೆ ಉಡಿಸ್ಲಿ? ಇನ್ನೊಂದು ಸೀರೆ ಹಿಂಗೆ ಬಂದ್ರೆ ನೂಲು ಬೇರೆ ಮನೆಗೆ ಕೊಡ್ತೀನಿ" ಎಂದರಂತೆ. ನೂಲು ನಿಂತರೆ ಮಗ್ಗ ನಿಂತಂತೆ. ಆ ಮನೆಗೆ ಮಗ್ಗವಲ್ಲದೆ ಬೇರೆ ಆಧಾರವಿರಲಿಲ್ಲ. ಈ ಹಿನ್ನೆಲೆಯಲ್ಲಿ ಗೌರಮ್ಮನವರು ನಮ್ಮನ್ನು ಕರೆಸಿದರು. ಬೆಕ್ಕಿದೆ ಎಂದು ಮೊದಲೇ ಹೇಳಿದ ಮನೆ ನನ್ನ ಸೇವೆಯಲ್ಲಿ ಇದೊಂದೇ.

"ಮೇಸ್ತ್ರಣ್ಣ, ಬೆಕ್ಕು ಬಿಡಂಗಿಲ್ಲ, ವಾಸನೆ ಇರಂಗಿಲ್ಲ. ಯಾವ ನೆಲ ಹಾಕ್ತೀರೋ ಹಾಕಿ."

"ನನ್ನೂ ಬಿಡಂಗಿಲ್ಲ ಅಂತ ಸೇರಿಸ್ಬಿಡು," ಎಂದು ಮಗ್ಗದಿಂದ ರಂಗಪ್ಪನವರು ಕೂಗಿದರು.

"ನೀವು ಸುಮ್ನಿರಿ, ನಿಮ್ಮಿಂದ ಇಲಿ ಹಿಡಿಯೋಕಾಗಲ್ಲ."

ನಾವು ಕಲಿತಿದ್ದೆಲ್ಲವನ್ನೂ ಆ ಮನೆಗೆ ಹಾಕಿದೆವು. ಹಳೆಯ ಮಣ್ಣನ್ನು ಆಳಕ್ಕೆ ತೆಗೆದು ಊರಾಚೆ ಸಾಗಿಸಿದೆವು. ಕಲ್ಲು ಬೇಡ, ಸಂದಿರುತ್ತದೆ ಎಂದು ಸಂದಿಲ್ಲದ ಕೆಂಪು ನೆಲವನ್ನು ಆರಿಸಿದೆವು. ತೊಳೆದ ನೀರು ನಿಲ್ಲದಂತೆ ಹಿತ್ತಲಿನ ಕಡೆಗೆ ಸಣ್ಣದಾಗಿ ವಾಟ ಕೊಟ್ಟೆವು. ಬೆಕ್ಕಿನ ಕಾಲು ನಿಲ್ಲುವಷ್ಟು ಒರಟನ್ನು ಬಿಟ್ಟೆವು. ಗೋಡೆ ಮತ್ತು ನೆಲ ಸೇರುವ ಮೂಲೆಗಳನ್ನು ದುಂಡಗೆ ತಿರುವಿದೆವು. ನೆಲ ಗಟ್ಟಿಯಾಗಲೆಂದು ನೀರು ಕಟ್ಟಿದ ದಿನಗಳಲ್ಲಿ ಬೆಕ್ಕುಗಳನ್ನು ಹಿತ್ತಲಿನ ಕೋಣೆಯಲ್ಲಿ ಕೂಡಿಹಾಕಿದ್ದರಿಂದ, ಗೌರಮ್ಮನವರು ಕೈಯಲ್ಲೊಂದು ಕೋಲು ಹಿಡಿದು ತಾವೇ ಹಾಸಿನ ಪಕ್ಕದಲ್ಲಿ ಕಾವಲು ಕುಳಿತರು. ರಂಗಪ್ಪನವರು ಹೋಗಿ ಬರುವಾಗಲೆಲ್ಲ "ಮಿಯಾಂವ್" ಎನ್ನುತ್ತಿದ್ದರು.

ಒಂದು ಜಾಗವನ್ನು ಮಾತ್ರ ನಾವು ಮುಟ್ಟಲಿಲ್ಲ. ಅದು ಮಗ್ಗದ ಗುಂಡಿ. ಆ ಬೀದಿಯ ಪದ್ಧತಿಯಂತೆ, ಮಗ್ಗದ ಮೇಲೆ ಹಾಸು ಇರುವಾಗ ಗುಂಡಿಯ ಮಣ್ಣನ್ನು ಹೊರಗಿನವರು ಅಗೆಯುವಂತಿಲ್ಲ. ಅದಕ್ಕೆ ಕುಂಕುಮವಿಟ್ಟು ಪೂಜೆ ಮಾಡುತ್ತಾರೆ, ಚಪ್ಪಲಿ ಹಾಕಿಕೊಂಡು ಅದರ ಬಳಿ ಯಾರೂ ಸುಳಿಯುವುದಿಲ್ಲ. ಮುನಿಶಾಮಪ್ಪನವರು ಬಹಳ ಗೌರವದಿಂದ ಗುಂಡಿಯ ಸುತ್ತ ನೀರು ಇಳಿಯದಂತೆ ಮಣ್ಣಿನ ಕಟ್ಟೆ ಕಟ್ಟಿ, ಅಂಚಿನವರೆಗೆ ನೆಲ ತಂದು ನಿಲ್ಲಿಸಿದರು. ಗೌರಮ್ಮನವರಿಗೂ ಅದು ಸರಿಯೆನಿಸಿತು, ನನಗೂ ಸರಿಯೆನಿಸಿತು. ಮೂವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ.

ಕೆಲಸ ಮುಗಿದು ಸ್ವಲ್ಪ ದಿನಗಳಾಗಿದ್ದವು. ನಾವು ಅದೇ ಊರಿನ ಇನ್ನೊಂದು ಬೀದಿಯಲ್ಲಿ ಸಿಮೆಂಟ್ ಕಲಸು ಹಾಕಿಕೊಂಡಿದ್ದೆವು. ಗೌರಮ್ಮನವರು ಬಂದು ಮರಳಿನ ಗುಡ್ಡೆಯ ಆಚೆ ನಿಂತರು. ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಆ ಬೆರಳುಗಳನ್ನು ನೋಡಿಯೇ ನಾನು ಕರಣೆ ಕೆಳಗಿಟ್ಟೆ.

"ಹನುಮಣ್ಣ, ಒಂದ್ಸಲ ಬಂದೋಗಿ. ಮೇಸ್ತ್ರಣ್ಣನ್ನೂ ಕರ್ಕೊಂಡ್ ಬನ್ನಿ."

"ನೆಲ ಬಿರುಕು ಬಿಟ್ಟಿತಾ ಅಕ್ಕ?"

"ನೋಡೋಕೆ ಕರೀತಿಲ್ಲ ಕಣಣ್ಣ. ಮೂಸೋಕೆ."

ಹೋಗಿ ನೋಡಿದರೆ ನೆಲ ಚೊಕ್ಕಟವಾಗಿತ್ತು. ಮುನಿಶಾಮಪ್ಪನವರು ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ, ಮೂಗನ್ನು ನೆಲಕ್ಕೆ ತಾಗಿಸಿ ಮೂಲೆಮೂಲೆಗೆ ಸಾಗಿದರು. ನಾನು ಇನ್ನೊಂದು ಕಡೆಯಿಂದ ಹಾಗೆಯೇ ಬಂದೆ. ಕೆಂಚಿ ಕಿಟಕಿಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿತ್ತು.

"ಇನ್ನೆರಡು ಬೆಕ್ಕು ಸಾಕ್ಬಿಟ್ಟೆ ಗೌರಿ ನೀನು," ಎಂದರು ರಂಗಪ್ಪನವರು. ಆ ದಿನ ಅವರ ನಗೆಯಲ್ಲಿಯೂ ಜೀವವಿರಲಿಲ್ಲ.

ನೆಲದಲ್ಲಿ ವಾಸನೆ ಇರಲಿಲ್ಲ. ಮೂಲೆಗಳಲ್ಲಿಯೂ ಇರಲಿಲ್ಲ. ಮುನಿಶಾಮಪ್ಪನವರು ಎದ್ದು ಕುಳಿತು, "ನಿಮ್ಗೆ ಭ್ರಮೆ ಕಣವ್ವ. ಹಳೇ ವಾಸನೆ ಮೂಗಲ್ಲಿ ಕೂತೈತೆ" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎದ್ದು ಬಾಗಿಲ ಬಳಿಗೆ ಹೋಗಿಬಿಟ್ಟಿದ್ದೆ. ಅಷ್ಟರಲ್ಲಿ ಗೌರಮ್ಮನವರು ಗಂಡನ ಕಡೆ ತಿರುಗಿ, "ನೀವು ಕೂತ್ಕೊಂಡು ನೇಯ್ರಿ ಸ್ವಲ್ಪ" ಎಂದರು.

ರಂಗಪ್ಪನವರು ಗುಂಡಿಯಲ್ಲಿ ಕಾಲಿಳಿಸಿ ತುಳಿಗೆ ತುಳಿದರು. ಲಾಳಿ ಆ ಕಡೆ ಹೋಗಿ ಈ ಕಡೆ ಬಂತು. ಕಾಲಿನ ಕೆಳಗೆ ಮಣ್ಣು ಅಲುಗಾಡಿತು, ವಾಸನೆ ಎದ್ದಿತು. ಹಳೆಯದಕ್ಕಿಂತ ಖಾರವಾಗಿತ್ತು. ಕಣ್ಣಿನಲ್ಲಿ ನೀರು ಬಂತು.

ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬೆಕ್ಕು ಕೆದಕಲು ಮಣ್ಣನ್ನು ಹುಡುಕುವ ಪ್ರಾಣಿ. ಮೊದಲು ಮನೆಯೆಲ್ಲ ಮಣ್ಣಾಗಿದ್ದುದರಿಂದ ವಾಸನೆ ಮನೆಯೆಲ್ಲ ಹಂಚಿತ್ತು. ನಾವು ಮನೆಯನ್ನು ಪೂರ್ತಿ ಗಟ್ಟಿ ಮಾಡಿ, ಒಂದೇ ಒಂದು ಹಿಡಿ ಮೆತ್ತನೆಯ ಮಣ್ಣನ್ನು ಉಳಿಸಿದ್ದೆವು. ಮೂರೂ ಬೆಕ್ಕುಗಳು ಅಲ್ಲಿಗೇ ಇಳಿಯುತ್ತಿದ್ದವು. ಅದು ನೇಯುತ್ತಿರುವ ಸೀರೆಗೆ ನೇರ ಕೆಳಗಿನ ಜಾಗ. ಗೋಣಿತಾಟು ಮುಚ್ಚಿದರೆ ಅವು ಕೆದಕಿ ಸರಿಸುತ್ತಿದ್ದವು. ಹಲಗೆ ಇಟ್ಟರೆ ತುಳಿಗೆಗಳ ಮಧ್ಯೆ ಸಂದು ಉಳಿಯುತ್ತಿತ್ತು.

"ಸಾಹುಕಾರ್ರು ಶುಕ್ರವಾರ ಬರ್ತಾರೆ," ಎಂದರು ಗೌರಮ್ಮನವರು. ನೇಯ್ದ ಸೀರೆಗಳು ಮಡಿಕೆಯಾಗಿ ಗೂಡಿನಲ್ಲಿದ್ದವು. ಮಗ್ಗದ ಮೇಲೆ ಅದೇ ಹಾಸಿನ ಕೊನೆಯ ಸೀರೆ ಅರ್ಧ ಉಳಿದಿತ್ತು.

ರಂಗಪ್ಪನವರು ಮಗ್ಗದಿಂದ ಎದ್ದರು. "ಮೂರನ್ನೂ ಗೋಣಿಚೀಲಕ್ಕೆ ತುಂಬು ಗೌರಿ. ಬಸ್ಸಿಗೆ ಹೋಗಿ ದಾಬಸ್‌ಪೇಟೆ ಕಡೆ ಬಿಟ್ಟು ಬರ್ತೀನಿ."

"ಆಮೇಲೆ ಇಲಿ ಬಂದ್ರೆ?"

"ಬಂದಾಗ ನೋಡನ."

"ಹೋದ್ಸಲ ಬಂದಾಗ ನೋಡಿದ್ದೀವಲ್ಲ," ಎಂದು ಅವರು ಮೆಲ್ಲಗೆ ಹೇಳಿದರು.

ಮುನಿಶಾಮಪ್ಪನವರು ಗಡ್ಡ ಕೆರೆದುಕೊಳ್ಳುತ್ತಾ, ಹಾಸು ಮುಗಿಯಲಿ, ಗುಂಡಿಗೂ ಸಿಮೆಂಟ್ ಹಾಕಿಕೊಡುತ್ತೇವೆ, ಈಗ ಮುಟ್ಟುವ ಹಾಗಿಲ್ಲವಲ್ಲ ಎಂದರು. ಆಗ ಗೌರಮ್ಮನವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಹೊರಗಿನೋರು ಅಗೆಯಂಗಿಲ್ಲ. ನಾನು ಹೊರಗಿನೋಳಾ? ಮಗ್ಗ ನಂದು. ಅಗೆಯೋದು ನಾನು. ಸಿಮೆಂಟ್ ಹಾಕೋನು ಒಳಕ್ಕೆ ಕಾಲಿಡ್ದೆ ಹಾಕ್ಲಿ."

ಹೀಗೆಂದವರು ತುಳಿಗೆಗಳ ಹಗ್ಗ ಬಿಚ್ಚಿಸಿ, ಗುಂಡಿಗೆ ನಮಸ್ಕಾರ ಮಾಡಿ, ಹಾಸಿನ ಕೆಳಗೆ ನುಸುಳಿ ಇಳಿದೇಬಿಟ್ಟರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ನಡುವೆ ಎರಡು ಸಲ ಮೇಲೆ ಬಂದು ಹಿತ್ತಲಿಗೆ ಓಡಬೇಕಾಯಿತು. ಅವರು ಬುಟ್ಟಿ ತುಂಬಿ ಮೇಲಕ್ಕೆ ಚಾಚುತ್ತಿದ್ದರು, ನಾನು ತೆಗೆದುಕೊಳ್ಳುತ್ತಿದ್ದೆ. ತಳದಲ್ಲಿ ಒಳ್ಳೆಯ ಮಣ್ಣು ಸಿಕ್ಕಿದಾಗ ಒಂದು ಹಿಡಿಯನ್ನು ಎಲೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಡಲು ಕೊಟ್ಟರು.

"ಮಿಕ್ಕಿದ್ದನ್ನ ತಿಪ್ಪೆಗೆ ಹಾಕ್ಲಾ?" ಎಂದು ನಾನು ಕೇಳಿದೆ.

"ಪೂಜೆ ಮಾಡಿದ್ ಮಣ್ಣು ಕಣಣ್ಣ."

"ಆ ಪೂಜೇನ ಬೆಕ್ಕುಗಳು ಮುಗಿಸ್ಬಿಟ್ಟವಲ್ಲೇ," ಎಂದರು ರಂಗಪ್ಪನವರು.

ಅವರ ಮಾತಿಗೆ ಹಿತ್ತಲ ಕಡೆ ತಿರುಗಿದ ನಾನು ನೋಡಿದ್ದೇನೆಂದರೆ, ಹಿಂದಿನ ಜಗುಲಿಯಲ್ಲಿ ಇಟ್ಟಿದ್ದ ಬುಟ್ಟಿಯೊಂದರೊಳಗೆ ಕೆಂಚಿ ಹತ್ತಿ ನಿಂತು, ಮುಂಗಾಲುಗಳಿಂದ ಮಣ್ಣು ಕೆದಕುತ್ತಿತ್ತು. ಮರಿಗಳೆರಡೂ ಸರದಿಗೆ ಕಾಯುವವರಂತೆ ಪಕ್ಕದಲ್ಲಿ ಕುಳಿತಿದ್ದವು. ಮುನಿಶಾಮಪ್ಪನವರೂ ನೋಡಿದರು. ಅನಂತರ ನನ್ನ ಕಡೆ ಕೈಚಾಚಿ, "ಉಳಿ ತಾರ್ಲಾ" ಎಂದರು.

ಹಿಂದಿನ ಜಗುಲಿಯ ನೆಲವನ್ನು ಅವರು ತಮ್ಮ ಕೈಯಾರೆ ತಿಕ್ಕಿ ನಯ ಮಾಡಿದ್ದರು. ಆ ಮನೆಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದ ಭಾಗ. ಅದರ ಮೂಲೆಯಲ್ಲಿ ಚೌಕ ಗೆರೆ ಎಳೆದು, ಉಳಿ ಇಟ್ಟು ಹೊಡೆಯತೊಡಗಿದರು. ಪ್ರತಿ ಏಟಿಗೂ ಅವರು ಸ್ವಲ್ಪ ಮುಖ ಕಿವುಚುತ್ತಿದ್ದರು. ಮೊಳದಗಲದ ಕುಣಿ ತೋಡಿ, ಗುಂಡಿಯ ಮಣ್ಣನ್ನು ಅದಕ್ಕೆ ಸುರಿದು, ಮೇಲೆ ಒಲೆಯ ಬೂದಿ ಎರಚಿದರು. ಬೆಕ್ಕುಗಳಿಗೆ ಯಾರೂ ತೋರಿಸಿಕೊಡಬೇಕಾಗಲಿಲ್ಲ.

ಇನ್ನುಳಿದದ್ದು ನನ್ನ ಪಾಲಿನ ಕೆಲಸ. ಮುನಿಶಾಮಪ್ಪನವರ ತೋಳು ಗುಂಡಿಯ ತಳ ಮುಟ್ಟುತ್ತಿರಲಿಲ್ಲ. ನಾನು ಉದ್ದ. ಹಾಸನ್ನು ಮಗ್ಗದಿಂದ ಇಳಿಸುವಂತಿರಲಿಲ್ಲ, ಇಳಿಸಿದರೆ ಎಳೆಗಳು ಸಿಕ್ಕಾಗಿ ಸೀರೆ ಕೆಡುತ್ತಿತ್ತು. ಆದ್ದರಿಂದ ನಾನು ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಹಾಸಿನ ಕೆಳಗೆ ತಲೆ ತೂರಿಸಿ, ಎರಡೂ ತೋಳುಗಳನ್ನು ಗುಂಡಿಗೆ ಇಳಿಬಿಟ್ಟು ಕೆಲಸ ಮಾಡಬೇಕಾಯಿತು. ಗೌರಮ್ಮನವರು ತಮ್ಮ ಹಳೆಯ ಸೀರೆಯೊಂದನ್ನು ಹಾಸಿನ ಅಡಿಗೆ ಅಡ್ಡಲಾಗಿ ಹಿಡಿದರು. ಆ ಸೀರೆ ಸವೆದು ಬಲೆಯಂತಾಗಿತ್ತು. ಅದರೊಳಗಿಂದ ಮೇಲಿನ ಎಳೆಗಳೆಲ್ಲ ನನಗೆ ಒಂದೊಂದಾಗಿ ಕಾಣುತ್ತಿದ್ದವು.

ಹಸಿ ಸಿಮೆಂಟಿನ ಒಂದು ಹನಿ ಸಿಡಿದರೂ ಸೀರೆ ಹಾಳು. ಕಲೆ ಬಿದ್ದ ಸೀರೆ ಮತ್ತು ನಾತ ಬಂದ ಸೀರೆಗೆ ಸಾಹುಕಾರರ ಮುಂದೆ ಒಂದೇ ಗತಿ. ಕರಣೆಯನ್ನು ಬದಿಗಿಟ್ಟು, ಕಲಸನ್ನು ಗಟ್ಟಿಯಾಗಿಯೇ ಉಂಡೆ ಕಟ್ಟಿಸಿಕೊಂಡು, ಬರೀ ಅಂಗೈಯಿಂದ ತಳಕ್ಕೂ ಪಕ್ಕಗಳಿಗೂ ಒತ್ತಿ ಒತ್ತಿ ಮೆತ್ತಿದೆ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಒಮ್ಮೆ ಸೀನು ಬರುವಂತಾಯಿತು.

"ಅಕ್ಕಾ, ಸೀನು..."

"ಬ್ಯಾಡ ಕಣಣ್ಣ! ನಿನ್ ದಮ್ಮಯ್ಯ, ಬ್ಯಾಡ!"

ರಂಗಪ್ಪನವರು ಓಡಿಬಂದು ನನ್ನ ಮೂಗನ್ನು ಎರಡು ಬೆರಳುಗಳಿಂದ ಅದುಮಿ ಹಿಡಿದರು. ಸೀನು ಹೋಯಿತು. ಅವರು ಕೆಲಸ ಮುಗಿಯುವವರೆಗೂ ಬೆರಳು ತೆಗೆಯಲಿಲ್ಲ. ನಾನು ಬಾಯಲ್ಲಿ ಉಸಿರಾಡುತ್ತಲೇ ಮುಗಿಸಿದೆ.

ಗುಂಡಿ ಗಟ್ಟಿಯಾಗುವವರೆಗೆ ಕಾದು, ತಳಕ್ಕೆ ಒಂದು ಮಣೆಯಿಟ್ಟು, ತುಳಿಗೆಗಳನ್ನು ಮತ್ತೆ ಕಟ್ಟಿಕೊಂಡು ರಂಗಪ್ಪನವರು ಕೊನೆಯ ಸೀರೆಯನ್ನು ಮುಗಿಸಿದರು. ನೇಯ್ದಿಟ್ಟ ಸೀರೆಗಳನ್ನು ಗೌರಮ್ಮನವರು ಬಿಚ್ಚಿ ಗಾಳಿಗೆ ಹರವಿ ಮಡಿಸಿ, ಮತ್ತೆ ಬಿಚ್ಚಿ ಹರವಿದರು. ಸಾಂಬ್ರಾಣಿ ಹೊಗೆ ಹಾಕೋಣವೇ ಎಂದು ಕೇಳಿದ್ದಕ್ಕೆ, "ಬ್ಯಾಡ, ಏನೋ ಮುಚ್ಚಿಡ್ತಾವ್ರೆ ಅಂತ ಗೊತ್ತಾಗ್ಬಿಡ್ತದೆ" ಎಂದರು.

ಶುಕ್ರವಾರ ನನಗೆ ಆ ಬೀದಿಯಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿ ಅವರ ಮನೆಯ ಹೊಸ್ತಿಲ ಬಳಿ, ಅಲ್ಲಿ ಏನೋ ದುರಸ್ತಿಯಿರುವವನಂತೆ ಅಂಚನ್ನು ತಡವುತ್ತಾ ಕುಳಿತೆ. ಸಾಹುಕಾರರು ಒಳಗೆ ಚಾಪೆಯ ಮೇಲೆ ಕುಳಿತು ಒಂದೊಂದೇ ಸೀರೆಯನ್ನು ಎತ್ತಿ ಅಂಚು ನೋಡಿದರು, ಸೆರಗು ನೋಡಿದರು, ಮೂಗಿಗೆ ಹಿಡಿದರು. ಬಲಕ್ಕಿಟ್ಟರು. ಕೊನೆಯ ಸೀರೆಯನ್ನು ಮೂಗಿಗೆ ಹಿಡಿದವರು ಇಳಿಸಲಿಲ್ಲ. ಮತ್ತೆ ಹಿಡಿದರು. ಗೌರಮ್ಮನವರ ಬೆರಳಿಗೆ ಸೆರಗು ಸುತ್ತಿಕೊಳ್ಳತೊಡಗಿತು.

"ಏನಮ್ಮ ಇದು? ಹಸಿ ಸಿಮೆಂಟ್ ವಾಸ್ನೆ."

ನಾನು ಹೊಸ್ತಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹೊಸ ನೆಲ ಸಾಹುಕಾರ್ರೇ," ಎಂದರು ಗೌರಮ್ಮನವರು.

ಸಾಹುಕಾರರು ನೆಲವನ್ನು ಒಮ್ಮೆ ಅಂಗೈಯಿಂದ ಸವರಿದರು. "ಇದು ಎರಡು ದಿನಕ್ಕೆ ಹೋಗ್ತದೆ," ಎಂದು ಸೀರೆಯನ್ನು ಬಲಕ್ಕಿಟ್ಟು, ತಂದಿದ್ದ ನೂಲಿನ ಗಂಟನ್ನು ಎದುರಿಗೆ ಸರಿಸಿದರು. ಆ ಗಂಟಿನ ಮೇಲೆ ಗೌರಮ್ಮನವರು ಎರಡೂ ಕೈಗಳನ್ನಿಟ್ಟು ಹಾಗೆಯೇ ಕುಳಿತರು. ಸಾಹುಕಾರರು ಎದ್ದು ಹೋದ ಮೇಲೂ ಕೈ ತೆಗೆಯಲಿಲ್ಲ.

ಅನಂತರದ ವರ್ಷಗಳಲ್ಲಿ ನಾನು ಮೊಸಾಯಿಕ್ ಕಲಿತೆ, ಯಂತ್ರದಿಂದ ನೆಲ ತಿಕ್ಕುವುದನ್ನು ಕಲಿತೆ. ಮುನಿಶಾಮಪ್ಪನವರು ತೀರಿಕೊಂಡರು. ಅವರ ಕರಣೆ ನನ್ನ ಬಳಿ ಇದೆ. ಈಗಲೂ ಹೊಸ ಮನೆಯೊಂದಕ್ಕೆ ಹೋದರೆ, ಕೂರಿ ಎನ್ನುವ ಮುಂಚೆ ಸುತ್ತಲೂ ನೋಡಿ ಬೆಕ್ಕನ್ನು ಹುಡುಕುತ್ತೇನೆ. ಕಾಣದಿದ್ದರೆ ಸಮಾಧಾನವಾಗುವುದಿಲ್ಲ. ಎಲ್ಲಿಯೋ ಇರಬಹುದು ಎಂದು ಇನ್ನಷ್ಟು ಕಳವಳವಾಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಗೌರಮ್ಮನವರ ಮನೆಗೂ ವಿದ್ಯುತ್ ಮಗ್ಗ ಬಂತು. ಅದಕ್ಕೆ ಗುಂಡಿ ಬೇಡ, ಗಟ್ಟಿ ಕಾಂಕ್ರೀಟಿನ ಅಡಿಪಾಯ ಬೇಕು. ಗುಂಡಿಯನ್ನು ಮುಚ್ಚಿ, ನಾವು ಹಾಕಿದ್ದ ಕೆಂಪು ನೆಲವನ್ನು ಒಡೆದು, ಹೊಸದನ್ನು ಹಾಕಲು ಅವರು ನನ್ನನ್ನೇ ಕರೆಸಿದರು. ರಂಗಪ್ಪನವರ ಕೂದಲು ನೆರೆತಿತ್ತು. ಕೆಂಚಿ ಇರಲಿಲ್ಲ, ಅದರ ಮರಿಗಳ ಮರಿಗಳಿದ್ದವು. ಹಿಂದಿನ ಜಗುಲಿಯೂ ಸೇರಿ ಮನೆಯೆಲ್ಲ ಒಂದೇ ಮಟ್ಟಕ್ಕೆ ಬರಬೇಕೆಂದು ಮಗ್ಗ ತಂದವರು ಹೇಳಿ ಹೋಗಿದ್ದರು. ಗೌರಮ್ಮನವರು ಒಳಗಿನಿಂದ ಬಂದು ಕಂಬ ಹಿಡಿದು ನಿಂತರು. ಸೆರಗು ಬೆರಳಿಗೆ ಸುತ್ತಿತ್ತು.

"ಹನುಮಣ್ಣ, ಮಗ್ಗದ್ದು ಆಮೇಲಾಯ್ತು. ಮೊದ್ಲು ಅವುಗಳ ಜಾಗ ಎಲ್ಲಿ ಬಿಡ್ತೀಯ ಹೇಳು."

ನಾನು ಪಕ್ಕಕ್ಕೆ ಸರಿದು ನಿಂತೆ. ನನ್ನ ಹಿಂದೆ, ಜಗುಲಿಯ ಮೂಲೆಯಲ್ಲಿ, ಸುಣ್ಣದ ಗೆರೆಯ ಚೌಕವೊಂದಿತ್ತು. ಆ ದಿನ ಆ ಮನೆಯಲ್ಲಿ ನಾನು ಎಳೆದಿದ್ದ ಗೆರೆ ಅದೊಂದೇ. ಅದರ ನಡುವೆ ಒಂದು ಕಂದು ಬೆಕ್ಕು ಆಗಲೇ ಹೋಗಿ ಕುಳಿತಿತ್ತು.

ಗೌರಮ್ಮನವರು ಬೆರಳಿನಿಂದ ಸೆರಗು ಬಿಚ್ಚಿ, ಕಾಫಿ ತರಲು ಒಳಗೆ ಹೋದರು.

ಮೇಲ್ಕಂಡ ಸಂಗತಿಗಳನ್ನು ತಮ್ಮ ಅವಗಾಹನೆಗೆ ಸಲ್ಲಿಸಿದ್ದೇನೆ. ನೆಲಕ್ಕೆ ಕೈಹಚ್ಚುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ ಎಂಬುದಷ್ಟೇ ನನ್ನ ಕೋರಿಕೆ.

ಹನುಮಂತಯ್ಯ
ನೆಲದ ಮೇಸ್ತ್ರಿ